ಗುರುಬಸಪ್ಪನವರ ಮೂರು ಗರಗಸ

ಭಾನುವಾರ ಬೆಳಿಗ್ಗೆ ಗುರುಬಸಪ್ಪನವರು ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಖಾಲಿ ಗೋಣಿಚೀಲವನ್ನು ಬಗಲಲ್ಲಿ ಮಡಿಚಿಟ್ಟುಕೊಂಡು ಬಸ್ ಸ್ಟಾಪಿನ ಕಡೆ ಹೊರಟರೆಂದರೆ, ರಾಜಾಜಿನಗರದ ಆ ಬೀದಿಯಲ್ಲಿ ಯಾರೂ ಎಲ್ಲಿಗೆಂದು ಕೇಳುತ್ತಿರಲಿಲ್ಲ. ಸಿಟಿ ಮಾರ್ಕೆಟ್ಟಿನ ಹಿಂದಿನ ಹಾರ್ಡ್‌ವೇರ್ ಅಂಗಡಿಗಳ ಸಾಲಿಗೆ ಅವರು ಹೋಗುತ್ತಿದ್ದಾರೆ, ಒಂದು ಉಳಿಯನ್ನೋ ಸುತ್ತಿಗೆಯನ್ನೋ ಗಂಟೆಗಟ್ಟಲೆ ತಿರುವಿ ಮುರುವಿ ನೋಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಖಾಲಿ ಚೀಲದೊಂದಿಗೇ ವಾಪಸು ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪಕ್ಕದ ಮನೆಯ ನಾಗರಾಜು ಮಾತ್ರ ಗೇಟಿನ ಮೇಲೆ ಮೊಣಕೈ ಊರಿ ಕೇಳದೆ ಬಿಡುತ್ತಿರಲಿಲ್ಲ.

"ಏನ್ ಸಾರ್, ಇವತ್ತು ಯಾವ ಹೆಣ್ಣು ನೋಡೋಕೆ?"

"ಉಳಿ ಕಣಯ್ಯಾ. ಮುಕ್ಕಾಲಿಂಚಿನ ಉಳಿ."

"ಹೋದ ವಾರ ನೋಡಿದ್ರಲ್ಲ, ಅದೇನಾಯ್ತು?"

"ಹಿಡಿ ಸರಿಯಿರ್ಲಿಲ್ಲ. ಕೈಯಲ್ಲಿ ಕೂರ್ಲಿಲ್ಲ."

"ಜಾತಕ ಕೂಡ್ಲಿಲ್ಲ ಅನ್ನಿ."

ಗುರುಬಸಪ್ಪನವರು ನಗುತ್ತಲೇ ಮುಂದೆ ನಡೆಯುವರು. ನಾಗರಾಜುವಿನ ಮಾತಿಗೆ ಅವರು ಎಂದೂ ಬೇಸರಪಟ್ಟವರಲ್ಲ. ಅವನು ಕೇತಮಾರನಹಳ್ಳಿಯ ಹಳೆಯ ಒಕ್ಕಲು ಮನೆತನದವನು, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ಹಳ್ಳಿಯ ಹಳೆಯ ಮನೆ ಕೆಡವಿದಾಗ ಸಿಕ್ಕ ಮೂರು ಬೆರಳು ದಪ್ಪದ ಬಾಗಿಲನ್ನು ತಾನೇ ಹೊತ್ತು ತಂದು, ಗುರುಬಸಪ್ಪನವರ ಹಿತ್ತಿಲ ಶೆಡ್ಡಿನಲ್ಲಿ ಕೆಲಸದ ಮೇಜು ಮಾಡಿಕೊಟ್ಟವನು ಅವನೇ. ಬಚ್ಚಲೊಲೆಗೂ ಕಾಂಪೌಂಡ್ ಗೋಡೆಗೂ ನಡುವೆ ಶೀಟು ಹೊದಿಸಿದ ಆ ಜಾಗದಲ್ಲಿ ಮೊದಲು ಸೌದೆ, ಸೈಕಲ್ಲು ಇರುತ್ತಿದ್ದವು. ಎಪ್ಪತ್ಮೂರನೆಯ ಇಸವಿಯ ದೀಪಾವಳಿಯ ಮೇಲೆ ಅವೆರಡೂ ಹೊರಗೆ ಬಂದವು.

ಅದಕ್ಕೆ ಕಾರಣ ಗುರುಬಸಪ್ಪನವರ ಅತ್ತೆ ಶಿವಗಂಗಮ್ಮ.

ಶಿವಗಂಗಮ್ಮನವರು ದೀಪಾವಳಿಗೆಂದು ಹರಿಹರದಿಂದ ಮಗಳ ಮನೆಗೆ ಬಂದರು. ಬಂದವರನ್ನು ಮಗಳು ನೀಲಮ್ಮ ವಾಪಸು ಕಳಿಸಲಿಲ್ಲ. ತಾಯಿಯ ಮಂಡಿಗಳು ಎಷ್ಟು ಕೆಟ್ಟಿವೆಯೆಂದು ಅವಳು ಆಗಲೇ ಕಣ್ಣಾರೆ ಕಂಡದ್ದು. ನೆಲದ ಮೇಲೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕಾಗಿತ್ತು. ಊಟವನ್ನು ಹೇಗೋ ಮೇಜಿನ ಮೇಲೆ ಮಾಡಿಯಾರು, ಲಿಂಗಪೂಜೆಗೆ ಏನು ಮಾಡುವುದು? ಹುಟ್ಟಿದಾಗಿನಿಂದ ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು, ಕಣ್ಣು ನೆಟ್ಟು, ನಿಶ್ಚಲವಾಗಿ ಕೂರುವ ಪೂಜೆ ಅದು. ಮನೆಯಲ್ಲಿದ್ದ ಮಡಚುವ ಕಬ್ಬಿಣದ ಕುರ್ಚಿಯನ್ನು ಕೊಟ್ಟರು. ಅದು ಎತ್ತರ. ಶಿವಗಂಗಮ್ಮನವರ ಕಾಲುಗಳು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು, ಉಸಿರೆಳೆದರೂ ಕುರ್ಚಿ ಕಿರ್ರೆನ್ನುತ್ತಿತ್ತು.

"ಬಸ್ಸಿನಾಗೆ ಕೂತು ಪೂಜಿ ಮಾಡಿದಂಗಾಗ್ತೈತೆ ಕಣೇ ನೀಲಾ," ಎಂದರು ಅವರು, ದೂರುವಂತಲ್ಲ, ಇದ್ದದ್ದನ್ನು ಹೇಳುವಂತೆ. "ಇನ್ನೇನು ಸ್ಟಾಪು ಬಂತು, ಇಳೀಬೇಕು ಅನ್ನಿಸ್ತದೆ. ಮನಸು ನಿಲ್ಲಲ್ಲ. ಹರಿಹರದಾಗೆ ತಮ್ಮನ ಮನೀಲಿ ನಡುಮನೆ ಕಟ್ಟೆ ಐತೆ. ಹಿತವಾದ ಎತ್ತರ. ಅಲ್ಲೇ ಹೋಗಿ ಇರ್ತೀನಿ ಬಿಡು."

ನೀಲಮ್ಮನ ಮುಖ ಸಣ್ಣದಾಯಿತು. ತಂದೆ ತೀರಿಕೊಂಡ ಮೇಲೆ ತಾಯಿ ತನ್ನ ಜೊತೆ ಇರಲಿ ಎಂಬುದು ಅವಳ ಬಹುದಿನದ ಆಸೆ. ಹೆಂಡತಿಯ ಆ ಮುಖ ಕಂಡೇ ಗುರುಬಸಪ್ಪನವರ ಬಾಯಿಂದ ಮಾತು ಹೊರಟುಹೋಯಿತು.

"ಅತ್ತೇ, ನಿಮಗೆ ಸರಿಯಾದ ಎತ್ತರಕ್ಕೆ ಒಂದು ಮರದ ಪೀಠ ನಾನೇ ಮಾಡಿಕೊಡ್ತೀನಿ. ಶಿವರಾತ್ರಿ ಪೂಜೆಗೆ ನೀವು ಅದರ ಮೇಲೆ ಕೂರ್ತೀರಿ."

ಬಡಗಿಗೆ ಹೇಳಿ ಮಾಡಿಸುತ್ತೇನೆ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. 'ನಾನೇ' ಎಂದುಬಿಟ್ಟಿದ್ದರು. ಶಿವಗಂಗಮ್ಮನವರು ಹಿಗ್ಗಿ, ಹರಿಹರದಿಂದ ಹಬ್ಬಕ್ಕೆ ಬಂದುಹೋಗುವ ನೆಂಟರಿಗೆಲ್ಲ, "ಅಳಿಯಂದಿರು ತಮ್ಮ ಕೈಯಾರೆ ಪೀಠ ಮಾಡಿಕೊಡ್ತಾರಂತೆ. ಶಿವರಾತ್ರಿ ತನಕ ಇಲ್ಲೇ ಇರ್ತೀನಿ. ಪೀಠ ಆತೋ, ಮುಂದೂ ಇಲ್ಲೇ. ಇಲ್ಲ ಅಂದ್ರೆ ಕಟ್ಟೆ ಐತಲ್ಲ," ಎಂದು ಹೇಳಿ ಕಳಿಸಿದರು.

ಗುರುಬಸಪ್ಪನವರು ಒಂದು ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಅವರ ಕೈಬರಹ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಬೀದಿಯ ಮದುವೆಗಳ ಲಗ್ನಪತ್ರಿಕೆಯ ಲಕೋಟೆಗಳ ಮೇಲೆ ವಿಳಾಸ ಬರೆಯುವುದು ಅವರ ಪಾಲಿಗೇ ಬರುತ್ತಿತ್ತು. ಆ ಬರಹ ಸುಮ್ಮನೆ ಬಂದದ್ದಲ್ಲ. ದಾವಣಗೆರೆ ಹತ್ತಿರದ ತಮ್ಮ ಹಳ್ಳಿಯ ಶಾಲೆಯಲ್ಲಿ ಅವರು ಮೊದಲು ಬಳಪ ಹಿಡಿದದ್ದು ಎಡಗೈಯಲ್ಲಿ. ಮೇಷ್ಟರು ಆ ಕೈಯನ್ನು ಟವೆಲ್ಲಿನಿಂದ ಬೆನ್ನ ಹಿಂದೆ ಕಟ್ಟಿ ಕೂರಿಸಿದರು. ಮನೆಯಲ್ಲಿ ತಂದೆಯೂ ಊಟಕ್ಕೆ ಕೂತಾಗ ಅದನ್ನೇ ಮಾಡಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಹುಡುಗನ ಬಲಗೈ ಅಕ್ಷರ ಕಲಿಯಿತು, ತುತ್ತು ಕಲಿಯಿತು. ಎಡಗೈ ಸುಮ್ಮನಾಯಿತು. ಆ ವಿಷಯ ಅಲ್ಲಿಗೇ ಮುಗಿಯಿತೆಂದು ಗುರುಬಸಪ್ಪನವರು ತಿಳಿದಿದ್ದರು. ನೀಲಮ್ಮನಿಗೂ ಎಂದೂ ಹೇಳಿರಲಿಲ್ಲ. ಮರೆತುಹೋದದ್ದನ್ನು ಯಾರು ಹೇಳುತ್ತಾರೆ?

ಮರಗೆಲಸದ ಉಪಕರಣ ಮುಟ್ಟಿಯೇ ಗೊತ್ತಿಲ್ಲದ ಅವರು ಕಡತ ತಯಾರಿಸುವ ಶ್ರದ್ಧೆಯಿಂದಲೇ ಶುರುಮಾಡಿದರು. ಕೆಲಸಕ್ಕಿಂತ ಮೊದಲು ಒಳ್ಳೆಯ ಉಪಕರಣ ಬೇಕು, ಒಳ್ಳೆಯದು ಯಾವುದೆಂದು ತಿಳಿಯಬೇಕು. ಕಚೇರಿಗೆ ಹೋಗುವ ದಾರಿಯಲ್ಲಿ ಮನೆ ಕಟ್ಟುತ್ತಿದ್ದ ಕಡೆಯೆಲ್ಲ ನಿಂತು ಬಡಗಿಗಳನ್ನು ಕೇಳಿದರು. ಒಬ್ಬ ಗಂಟೆ ಮಾರ್ಕಿನ ಗರಗಸ ಬಿಟ್ಟು ಬೇರೆಯದು ಮುಟ್ಟುವುದಿಲ್ಲ ಎಂದ. ಇನ್ನೊಬ್ಬ ಜೋಡಿಮೀನು ಅಂದ. ಮೂರನೆಯವನು ಬೀಡಿ ಆರಿಸಿ, "ಸ್ವಾಮಿ, ವಿಲಾಯ್ತಿ ಕಿರೀಟ ಮಾರ್ಕಿನ ಮುಂದೆ ಎಲ್ಲಾ ತಗಡು," ಎಂದ. ಮೂವರೂ ಅಷ್ಟೇ ಖಚಿತವಾಗಿ ಹೇಳಿದ್ದರಿಂದ ಗುರುಬಸಪ್ಪನವರ ಉತ್ಸಾಹ ಮೂರು ಪಟ್ಟಾಯಿತು.

ಮಾರ್ಕೆಟ್ಟಿನ ಹಿಂದೆ ನಂಜುಂಡಪ್ಪನ ಅಂಗಡಿ. ನಂಜುಂಡಪ್ಪ ಮಾತಿಗೆ ಸಿಗುವ ಮನುಷ್ಯ, ಆದರೆ ಜನ ಸೇರುವ ಮೊದಲು ಹೋಗಬೇಕು. ಹಾಗಾಗಿ ಗುರುಬಸಪ್ಪನವರು ಯಾವಾಗಲೂ ಬೋಣಿಯ ಹೊತ್ತಿಗೇ ಹೋಗುತ್ತಿದ್ದರು. ದಿನದ ಮೊದಲ ವ್ಯಾಪಾರ. ನಂಜುಂಡಪ್ಪ ಗಲ್ಲಾದ ಮೇಲಿನ ಪಟಕ್ಕೆ ಊದುಬತ್ತಿ ಬೆಳಗಿ, ಗರಗಸವನ್ನು ಬಲಗೈಯಲ್ಲಿ ತೆಗೆದುಕೊಟ್ಟರೆ, ಇವರೂ ಬಲಗೈಯಲ್ಲೇ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುವರು. ಆಯುಧ ಎಂದರೆ ಪೂಜೆಯ ವಸ್ತು. ಅದನ್ನು, ಅದೂ ಬೋಣಿಯ ಹೊತ್ತಿನಲ್ಲಿ, ಎಡಗೈಯಲ್ಲಿ ಮುಟ್ಟುವುದು ಅವರ ಕನಸಿನಲ್ಲೂ ಬರುವಂಥದ್ದಲ್ಲ. ಎಡಗೈ ಆ ಹೊತ್ತಿನಲ್ಲಿ ಸೊಂಟದ ಹಿಂದೆ ಮಡಿಚಿಕೊಂಡಿರುತ್ತಿತ್ತು, ತಾನಾಗಿ.

ನೋಡುವುದನ್ನು ಮಾತ್ರ ಅವರು ಚೆನ್ನಾಗಿ ಕಲಿತರು. ಗರಗಸದ ಅಲಗನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗೆ ನಿಲ್ಲಬೇಕು. ಬೆರಳಿನಿಂದ ತಟ್ಟಿದರೆ ಒಡಕು ಸದ್ದು ಬರದೆ ನಾದ ಉಳಿಯಬೇಕು. ಹಲ್ಲಿನ ಸಾಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಒಂದು ಈ ಕಡೆ, ಒಂದು ಆ ಕಡೆ, ಸಮನಾಗಿ ಬಾಗಿರಬೇಕು. ಉಳಿಯ ಹಿಂಬದಿ ಕನ್ನಡಿಯಂತೆ ಚಪ್ಪಟೆ ಇರಬೇಕು. ಹಿಡಿಯ ಮರದಲ್ಲಿ ಎಳೆಗಳು ಉದ್ದಕ್ಕೆ ಓಡಿರಬೇಕು, ಅಡ್ಡಕ್ಕೆ ಓಡಿದರೆ ಪೆಟ್ಟು ತಾಳದು. ಹಲಗೆ ನಯಮಾಡುವ ತೋಪಡದ ತಳವನ್ನು ಬೆಳಕಿಗೆ ಹಿಡಿದು, ಅಂಚಿಗೆ ಅಳತೆಪಟ್ಟಿ ಇಟ್ಟರೆ ನಡುವೆ ಬೆಳಕು ನುಸುಳಬಾರದು.

"ನನ್ನ ನೋಡೋಕೆ ಬಂದಾಗ ಇದರಲ್ಲಿ ಕಾಲುಭಾಗನೂ ನೋಡಿರ್ಲಿಲ್ಲ," ಎಂದಳು ನೀಲಮ್ಮ, ಅಡುಗೆಮನೆ ಕಿಟಕಿಯ ಬೆಳಕಿಗೆ ತೋಪಡ ಹಿಡಿದು ನಿಂತಿದ್ದ ಗಂಡನನ್ನು ಕಂಡು.

"ನಿನ್ನ ನಾದ ದೂರದಿಂದಲೇ ಕೇಳಿತ್ತಲ್ಲ, ತಟ್ಟಿ ನೋಡೋ ಅಗತ್ಯ ಬೀಳ್ಲಿಲ್ಲ," ಎಂದರು ಗುರುಬಸಪ್ಪನವರು. ಒಳಗಿನಿಂದ ಶಿವಗಂಗಮ್ಮನವರು ಸೆರಗು ಬಾಯಿಗೆ ಒತ್ತಿ ನಕ್ಕದ್ದು ಇಬ್ಬರಿಗೂ ಕೇಳಿಸಿತು.

ಮೊದಲು ಬಂದದ್ದು ಗಂಟೆ ಮಾರ್ಕಿನ ಗರಗಸ. ಅದಕ್ಕೆ ಕುಂಕುಮ ಇಟ್ಟು, ಹೂ ಮುಡಿಸಿ, ಮಾಗಡಿ ರಸ್ತೆಯ ಮರದ ಡಿಪೋದಿಂದ ತಂದ ಹೊನ್ನೆಯ ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಗುರುಬಸಪ್ಪನವರು ಕೊಯ್ಯತೊಡಗಿದರು. ಗರಗಸ ಗೆರೆಯ ಮೇಲೆ ಒಂದು ಬೆರಳಷ್ಟು ದೂರ ವಿಧೇಯವಾಗಿ ನಡೆಯಿತು. ಆಮೇಲೆ ಬಲಕ್ಕೆ ವಾಲಿತು. ತಿದ್ದಿದರೆ ಎಡಕ್ಕೆ ವಾಲಿತು. ಕೊನೆಗೆ ಹಲಗೆ ಎರಡಾದಾಗ ಅದರ ಅಂಚು ಹಳ್ಳಿಯ ಕಾಲುದಾರಿಯಂತೆ ಇತ್ತು.

ನಾಗರಾಜು ಗೋಡೆಯ ಮೇಲಿಂದ ಇಣುಕಿದ. "ಸಾರ್, ಇದು ಪೀಠನಾ, ಹಾವಾ?"

"ಗರಗಸದ ಹಲ್ಲಿನ ಬಾಗು ಸರಿಯಿಲ್ಲ ಅನ್ನಿಸ್ತದೆ."

"ಕೊಡಿ, ನಾನು ಎರಡು ಎಳೆತ ಎಳೀತೀನಿ."

"ಬೇಡ ಬೇಡ. ನನ್ನ ಕೈಯಾರೆ ಅಂದಿದೀನಿ. ನೀನು ಮುಟ್ಟಿದ್ರೆ ಮಾತು ತಪ್ಪಿದ ಹಾಗೆ."

ನಂಜುಂಡಪ್ಪ ಬೇಸರಿಸದೆ ಜೋಡಿಮೀನು ತೆಗೆದುಕೊಟ್ಟ. ಅದು ಎಡಕ್ಕೆ ವಾಲಿತು. ಅಲಗು ತೆಳುವಾಯಿತೆಂದು ಗುರುಬಸಪ್ಪನವರು ತೀರ್ಮಾನಿಸಿದರು. ಸಂಕ್ರಾಂತಿ ಕಳೆದ ಮೇಲೆ, ಹಳೆಯ ಸಾಮಾನಿನ ಸಂಡೇ ಬಜಾರಿನಲ್ಲಿ ಯಾರೋ ಆಂಗ್ಲೋ ಇಂಡಿಯನ್ ದೊರೆ ಬಳಸಿದ್ದೆನ್ನಲಾದ ಕಿರೀಟ ಮಾರ್ಕಿನ ಗರಗಸವೂ ಸಿಕ್ಕಿತು. ಹಿತ್ತಾಳೆಯ ತಿರುಪು, ಬಳಸಿ ಬಳಸಿ ಜೇನಿನ ಬಣ್ಣಕ್ಕೆ ತಿರುಗಿದ ಹಿಡಿ. ತಟ್ಟಿದರೆ ದೇವಸ್ಥಾನದ ಜಾಗಟೆಯಂತೆ ನಾದ. ಅದನ್ನು ಬಸ್ಸಿನಲ್ಲಿ ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ತಂದರು. ಅದೂ ವಾಲಿತು.

ಆಗ ಅವರ ಬಳಿ ಉಳಿದದ್ದು ಒಂದೇ ಸಿದ್ಧಾಂತ. "ಬೆಂಗಳೂರಿನ ಈ ಚಳಿಗೆ ಉಕ್ಕು ಸೆಟೆದುಕೊಳ್ಳುತ್ತೆ ನೀಲಾ. ಹರಿಹರದ ಬಿಸಿಲಲ್ಲಾಗಿದ್ರೆ..."

"ಹರಿಹರದ ಹೆಸರೆತ್ತಬೇಡಿ," ಎಂದಳು ನೀಲಮ್ಮ ತಗ್ಗಿದ ದನಿಯಲ್ಲಿ. "ಅವ್ವ ಆಗಲೇ ತನ್ನ ಟ್ರಂಕಿನ ಬೀಗದ ಕೈ ಹುಡುಕ್ತಿದ್ದಾಳೆ."

ಗುರುಬಸಪ್ಪನವರು ಬಲಗೈಯಲ್ಲಿ ಎದ್ದ ಬೊಬ್ಬೆಗಳನ್ನು ನೋಡಿಕೊಂಡರು. ಗೋಡೆಯ ಮೇಲೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ ಮೂರು ಗರಗಸಗಳು ಸಂಜೆಯ ಬೆಳಕಿನಲ್ಲಿ ಹೊಳೆಯುತ್ತಿದ್ದವು. ನೋಡಲು ಅಷ್ಟು ಚೆಂದ, ಕೆಲಸಕ್ಕೆ ಅಷ್ಟು ಮೊಂಡು. ಹಲಗೆಗಳಲ್ಲಿ ಒಂದೇ ಒಂದು ಉಳಿದಿತ್ತು. ಶಿವರಾತ್ರಿಗೆ ಇನ್ನೊಂದೇ ವಾರ.

ಮಾರನೆಯ ದಿನ ರಜೆ. ಬಿಸಿಲು ಏರುತ್ತಿದ್ದ ಕಾಲ, ನೀಲಮ್ಮ ಹಿತ್ತಿಲಲ್ಲಿ ಚಾಪೆ ಹಾಸಿ, ಹಳೆಯ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಇಟ್ಟಿದ್ದಳು. ಕಾವಲಿಗೆ ಶಿವಗಂಗಮ್ಮನವರು ಅದೇ ಕಿರಿಗುಟ್ಟುವ ಕುರ್ಚಿಯ ಮೇಲೆ, ಕೈಯಲ್ಲಿ ಕೋಲು ಹಿಡಿದು ಕೂತಿದ್ದರು. ಕಾಗೆಗಳಿಗೆ ಅವರ ಮಂಡಿಯ ಸಮಾಚಾರ ಗೊತ್ತಿತ್ತೇನೋ, ಕೋಲಿಗೆ ಎಟುಕದಷ್ಟು ದೂರದಲ್ಲಿ ಇಳಿದು ಒಂದೊಂದೇ ಸಂಡಿಗೆ ಎತ್ತಿಕೊಂಡು ಹೋಗುತ್ತಿದ್ದವು.

"ಅಳಿಯಂದ್ರೇ! ಬಂತು ನೋಡ್ರಿ ಮತ್ತೆ!"

ಶೆಡ್ಡಿನಲ್ಲಿದ್ದ ಗುರುಬಸಪ್ಪನವರು ತಲೆಯೆತ್ತಿದರು. ಕಾಲ ಬಳಿ ಬಿದ್ದಿದ್ದ ಒಂದು ಮರದ ತುಂಡನ್ನು ಎತ್ತಿ ಬೀಸಿದರು. ತುಂಡು ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ನುಸುಳಿ, ತುಳಸಿಗಿಡದ ಪಕ್ಕದಲ್ಲಿ ಹಾದು, ಒಂದು ಸಂಡಿಗೆಯನ್ನೂ ಮುಟ್ಟದೆ, ಕಾಗೆಯ ಬಾಲದ ಹತ್ತಿರ ಚಾಪೆಯ ಅಂಚಿಗೆ ತಗುಲಿತು. ಕಾಗೆ ಕಿರುಚಿಕೊಂಡು ಹಾರಿತು.

ಶಿವಗಂಗಮ್ಮನವರು ಕಾಗೆಯನ್ನು ನೋಡಲಿಲ್ಲ. ಅಳಿಯನನ್ನೇ ನೋಡುತ್ತಿದ್ದರು.

"ಎಂಥಾ ಗುರಿ! ಯಾವ ಕೈಲಿ ಹೊಡೆದ್ರಿ ಅದನ್ನ?"

ಗುರುಬಸಪ್ಪನವರು ಯಾರದೋ ಕೈಯನ್ನು ನೋಡುವವರಂತೆ ತಮ್ಮ ಕೈಯನ್ನು ನೋಡಿಕೊಂಡರು. ಅದು ಎಡಗೈ.

"ಅಯ್ಯೋ. ಗಡಿಬಿಡೀಲಿ ಗೊತ್ತಾಗ್ಲಿಲ್ಲ ಅತ್ತೆ."

"ಗಡಿಬಿಡಿ ಇಲ್ದಾಗ ಅದನ್ನ ಎಲ್ಲಿ ಇಟ್ಟಿರ್ತೀರಿ?"

ಗುರುಬಸಪ್ಪನವರು ತುಳಸಿಕಟ್ಟೆಯ ಅಂಚಿನಲ್ಲಿ ಕೂತು, ಬಳಪ, ಮೇಷ್ಟರು, ಟವೆಲ್ಲು ಎಲ್ಲವನ್ನೂ ಹೇಳಿದರು. ಇಷ್ಟು ವರ್ಷದ ಮೇಲೆ ಅದು ಇಷ್ಟು ಸ್ಪಷ್ಟವಾಗಿ ನೆನಪಿದೆಯೆಂದು ಅವರಿಗೇ ಆಶ್ಚರ್ಯವಾಯಿತು. ಸಂಡಿಗೆ ತಿರುವಿಹಾಕಲು ಬಂದ ನೀಲಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ಶಿವಗಂಗಮ್ಮನವರು ಮುಗಿದ ಮೇಲೆ ಕೇಳಿದರು:

"ಹಂಗಾರೆ ಆ ಗರಗಸನ್ನ ಬಲಗೈಲೇ ಎಳೀತಾ ಇದೀರೇನು, ಇಷ್ಟು ದಿನ?"

"ಮತ್ತೆ? ಕುಂಕುಮ ಹಚ್ಚಿದ ಆಯುಧ ಅತ್ತೆ. ಎಡಗೈಲಿ ಹೇಗೆ ಮುಟ್ಟೋದು?"

"ಬೆಳಿಗ್ಗೆ ಪೂಜೆಗೆ ಕೂತ್ರಲ್ಲ. ಲಿಂಗಯ್ಯನ್ನ ಯಾವ ಕೈ ಮ್ಯಾಲೆ ಕೂರ್ಸಿದ್ರಿ?"

ಗುರುಬಸಪ್ಪನವರು ಪೂಜೆಗೆ ಕೂತಾಗಿನಂತೆ ಅಂಗೈ ಎತ್ತಿ ಹಿಡಿದು ನೋಡಿದರು.

ಎಡಗೈಯ ಮೇಲೆ. ದಿನವೂ, ಬುದ್ಧಿ ಬಲಿತಂದಿನಿಂದ. ಬಲಗೈ ನೀರೆರೆಯುತ್ತದೆ, ವಿಭೂತಿ ಹಚ್ಚುತ್ತದೆ, ಪತ್ರೆ ಏರಿಸುತ್ತದೆ, ಓಡಾಡುತ್ತದೆ. ಎಡಗೈ ಪೀಠವಾಗಿ ಕೂರುತ್ತದೆ. ಮನೆಯಲ್ಲಿ ಎಲ್ಲರೂ ಹಾಗೇ ಮಾಡುವುದು. ಆದರೆ ಆ ಕೈಯನ್ನು ಈ ಕೈಯೊಂದಿಗೆ ಅವರು ಎಂದೂ ಜೋಡಿಸಿ ನೋಡಿರಲಿಲ್ಲ, ಎರಡೂ ಬೇರೆ ಬೇರೆ ಕೈಗಳು ಎಂಬಂತೆ.

"ನಾನು ಎದುರಿಗೆ ಕೂತು ನೋಡೀನಿ," ಎಂದರು ಶಿವಗಂಗಮ್ಮ. "ನಿಮ್ಮ ಅಂಗೈ ಮ್ಯಾಲಿನ ನೀರು ಸುತ ಅಲುಗಲ್ಲ. ನಂದು ಈಗ ನಡುಗ್ತೈತೆ. ದೇವರನ್ನ ಕೂರ್ಸಿಕೊಂಡ ಕೈಗೆ ಗರಗಸ ಮುಟ್ಟೋ ಯೋಗ್ಯತೆ ಇಲ್ಲಾಂತ ಯಾವ ಮೇಷ್ಟ್ರು ಹೇಳಿದ್ದು? ಏಳ್ರಿ, ಸುಮ್ನೆ ಕೂರಬ್ಯಾಡ್ರಿ."

ಗುರುಬಸಪ್ಪನವರು ಎದ್ದರು. ಶೆಡ್ಡಿಗೆ ಹೋಗಿ ಮೂರು ಗರಗಸಗಳ ಮುಂದೆ ನಿಂತರು. ಮೊದಲು ಬಂದ ಗಂಟೆ ಮಾರ್ಕನ್ನೇ ಎಡಗೈಯಲ್ಲಿ ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡರು. ಒಂದು ಕ್ಷಣ ಮೈಯಲ್ಲಿ ಹಳೆಯ ಹೆದರಿಕೆ ಹಾದುಹೋಯಿತು, ಟವೆಲ್ಲು ಹಿಡಿದ ಯಾರೋ ಬೆನ್ನ ಹಿಂದೆ ನಿಂತಿದ್ದಾರೆಂಬಂತೆ. ಬೆನ್ನ ಹಿಂದೆ ನಿಂತಿದ್ದವಳು ನೀಲಮ್ಮ. ಅವಳ ಕೈಯಲ್ಲಿ ಸಂಡಿಗೆ ಹಿಟ್ಟಿನ ಸೌಟಿತ್ತು.

ಕೊನೆಯ ಹಲಗೆಯನ್ನು ಮುಟ್ಟುವ ಧೈರ್ಯವಾಗಲಿಲ್ಲ. ಹಾವಿನಂತಾಗಿದ್ದ ಹಳೆಯ ತುಂಡೊಂದರ ಮೇಲೆ ಗೆರೆ ಎಳೆದು, ಬಲಗೈಯಿಂದ ಒತ್ತಿ ಹಿಡಿದು, ಗರಗಸ ಇಟ್ಟು ಎಳೆದರು. ಸರ್ ಎಂದಿತು. ಮತ್ತೆ ಎಳೆದರು. ಸರ್, ಸರ್. ಸದ್ದೇ ಬೇರೆ. ಇಷ್ಟು ದಿನ ಕೆಮ್ಮುತ್ತಿದ್ದ ಗರಗಸ ಈಗ ಉಸಿರಾಡುತ್ತಿತ್ತು. ಪುಡಿ ಗೆರೆಯ ಎರಡೂ ಬದಿಗೆ ಸಮನಾಗಿ ಉದುರಿತು. ಹೊನ್ನೆಯ ವಾಸನೆ ಎದ್ದಿತು. ಗರಗಸ ಗೆರೆಯನ್ನು ಬಿಟ್ಟು ಕದಲಲಿಲ್ಲ. ತುಂಡು ಎರಡಾಗಿ ಬಿತ್ತು. ಗುರುಬಸಪ್ಪನವರು ಮೂಲೆಮಟ್ಟ ಇಟ್ಟು ನೋಡಿದರು. ಬೆಳಕು ನುಸುಳಲಿಲ್ಲ.

"ನೀಲಾ," ಎಂದರು. ತುಂಡನ್ನು ಎತ್ತಿ ಅವಳ ಮುಂದೆ ಹಿಡಿದರು.

ಮೊದಲು ನಕ್ಕವಳು ನೀಲಮ್ಮ. ಆಮೇಲೆ ಕುರ್ಚಿಯಲ್ಲಿದ್ದ ಶಿವಗಂಗಮ್ಮ ನಕ್ಕರು, ಕುರ್ಚಿಯೂ ಕಿರ್ರೆಂದಿತು. ಗೋಡೆಯ ಆ ಬದಿಯಿಂದ ನಾಗರಾಜುವಿನ ತಲೆ ಮೇಲೆದ್ದಿತು.

"ಏನ್ ಸಾರ್ ಇದು, ಸೌಂಡೇ ಚೇಂಜು? ಹೊಸಾ ಬ್ರ್ಯಾಂಡಾ?"

"ಗಂಟೆ ಮಾರ್ಕೇ ಕಣಯ್ಯಾ."

"ಅದನ್ನ ಬೈದು ಮೂಲೆಗೆ ಹಾಕಿದ್ರಲ್ಲ!"

"ಬೈಬಾರದಿತ್ತು. ಅದರ ತಪ್ಪೇನೂ ಇರ್ಲಿಲ್ಲ," ಎಂದು ಗುರುಬಸಪ್ಪನವರು ಗರಗಸದ ಬೆನ್ನು ಸವರಿದರು. ಮರ್ಯಾದೆಗೆಂದು ಜೋಡಿಮೀನು, ಕಿರೀಟ ಎರಡನ್ನೂ ಎಡಗೈಯಲ್ಲಿ ಹಿಡಿದು ಒಂದೊಂದು ತುಂಡು ಕೊಯ್ದರು. ಆಗ ಮೊದಲ ಸಲ ಅವರಿಗೆ ಮೂರರ ನಡುವಿನ ವ್ಯತ್ಯಾಸ ತಿಳಿಯಿತು. ಗಂಟೆ ಹಸಿದ ಎತ್ತಿನಂತೆ ಬೇಗ ಬೇಗ ಮರ ತಿನ್ನುತ್ತಿತ್ತು, ದಪ್ಪ ಕೆಲಸಕ್ಕೆ ಅದೇ ಸರಿ. ಕಿರೀಟದ ಹಲ್ಲು ಸಣ್ಣದು, ನಿಧಾನ, ಆದರೆ ಕೊಯ್ದ ಮೈ ರೇಷ್ಮೆ. ಜೋಡಿಮೀನಿನ ಹಿಡಿ ಅವರ ಅಗಲವಾದ ಅಂಗೈಗೆ ಇಕ್ಕಟ್ಟು. ಅಷ್ಟು ತಿಂಗಳು ನೋಡಿದ ನಾದ, ಬಾಗು, ಬೆಳಕು ಯಾವುದೂ ಸುಳ್ಳಾಗಿರಲಿಲ್ಲ. ಅವೆಲ್ಲದರ ಕೊನೆಗೆ ಕೈಯೊಂದು ಬಾಕಿ ಉಳಿದಿತ್ತು.

ಪೀಠದ ಕಾಲುಗಳನ್ನು ಕೂರಿಸುವ ತೂತುಗಳಿಗೆ ಒಳ್ಳೆಯ ಉಳಿ ಬೇಕಾಗಿತ್ತು. ಮರುದಿನ ಕಚೇರಿಗೆ ಹೋಗುವ ಮುಂಚೆಯೇ ಮಾರ್ಕೆಟ್ಟಿಗೆ ಹೋದರು. ನಂಜುಂಡಪ್ಪ ಊದುಬತ್ತಿ ಬೆಳಗುತ್ತಿದ್ದ. ಅವನು ಉಳಿ ನೀಡಿದಾಗ ಗುರುಬಸಪ್ಪನವರು ಎಡಗೈ ಚಾಚಿದರು. ನಂಜುಂಡಪ್ಪ ಬಿಸಿ ತಾಗಿದವನಂತೆ ಉಳಿಯನ್ನು ಹಿಂದಕ್ಕೆ ಎಳೆದುಕೊಂಡ.

"ಸಾರ್! ಬೋಣಿ ಟೈಮು!"

"ತಪ್ಪಾಯ್ತು ನಂಜುಂಡಪ್ಪ. ತಗೊಳ್ಳೋದು ಬಲಗೈಲೇ. ನೋಡೋದು ಮಾತ್ರ ಎಡಗೈಲಿ. ಆಗಬಹುದಾ?"

ನಂಜುಂಡಪ್ಪ ಪಟದ ಕಡೆ ಒಮ್ಮೆ ನೋಡಿದ. ಪಟದವರು ಏನೂ ಅನ್ನಲಿಲ್ಲ. "ಆಗಬಹುದು," ಎಂದ. ಗುರುಬಸಪ್ಪನವರು ಬಲಗೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ಎಡಗೈಗೆ ದಾಟಿಸಿ ಹಿಡಿದು ನೋಡಿದರು. ಇನ್ನೊಂದು ಕೊಡಿ ಎನ್ನಲಿಲ್ಲ. ಅದನ್ನೇ ಚೀಲಕ್ಕೆ ಹಾಕಿಕೊಂಡರು. ನಂಜುಂಡಪ್ಪ ತನ್ನ ಕಿವಿಯನ್ನೇ ನಂಬಲಿಲ್ಲ.

"ಅಷ್ಟೇನಾ ಸಾರ್? ಹಿಡಿ ಕೂತ್ಕೊಳ್ತಾ?"

"ಕೂತ್ಕೊಳ್ತು."

"ಹಾಗಾದ್ರೆ ಇಷ್ಟು ತಿಂಗಳು ನನ್ನ ಅಂಗಡಿ ಮಾಲೆಲ್ಲಾ ಬೈಸಿಕೊಂಡಿದ್ದು..." ಎಂದವನು, ಉಳಿ ಹಿಡಿದು ನೋಡಿದ ಅವರ ಎಡಗೈಯತ್ತ ದಿಟ್ಟಿಸಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಆ ದಿನ ಅವನ ವ್ಯಾಪಾರ ಬಹಳ ಚೆನ್ನಾಗಿ ಆಯಿತೆಂದು ಮುಂದೊಮ್ಮೆ ಅವನೇ ಹೇಳಿದ.

ಆ ವಾರ ಸಂಜೆಗಳಲ್ಲಿ ಶೆಡ್ಡಿನಿಂದ ಬರುವ ಸದ್ದಿಗೆ ಬೀದಿ ಹೊಂದಿಕೊಂಡಿತು. ಹಲಗೆ ನಯವಾಯಿತು, ಕಾಲುಗಳು ತೂತುಗಳಲ್ಲಿ ಬಿಗಿಯಾಗಿ ಕೂತವು. ಮೊಳೆ ಒಂದನ್ನೂ ಹೊಡೆಯಲಿಲ್ಲ, ದೇವರ ಪೂಜೆಗೆ ಕೂರುವ ಪೀಠದಲ್ಲಿ ಕಬ್ಬಿಣ ಬೇಡವೆಂದು. ಶಿವರಾತ್ರಿಯ ದಿನ ಮಧ್ಯಾಹ್ನ ಎಣ್ಣೆ ಒರೆಸಿದ ಪೀಠವನ್ನು ನಡುಮನೆಗೆ ತಂದಿಟ್ಟಾಗ ನಾಗರಾಜುವಿನ ಮನೆಯವರೂ ನೋಡಲು ಬಂದಿದ್ದರು. ಉಪವಾಸದ ಮನೆಯಲ್ಲಿ ಹಬ್ಬದ ಗದ್ದಲ.

ಶಿವಗಂಗಮ್ಮನವರು ನಮಸ್ಕರಿಸಿ ಕೂತರು. ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಎಲ್ಲರ ಕಣ್ಣೂ ಅವರ ಪಾದಗಳ ಕಡೆ ಹೋಯಿತು. ಪಾದಗಳು ನೆಲವನ್ನು ಮುಟ್ಟಿರಲಿಲ್ಲ. ಎರಡು ಬೆರಳು ಮೇಲೆ ತೂಗುತ್ತಿದ್ದವು.

"ನೀವು ಎರಡು ಗೇಣು ಅಂದಿದ್ರಲ್ಲ ಅತ್ತೆ?" ಎಂದರು ಗುರುಬಸಪ್ಪನವರು.

"ಹೌದು. ಎರಡು ಗೇಣು." ಶಿವಗಂಗಮ್ಮನವರು ತಮ್ಮ ಪುಟ್ಟ ಕೈಯನ್ನು ಅರಳಿಸಿ ತೋರಿಸಿದರು. ಗುರುಬಸಪ್ಪನವರು ತಮ್ಮ ಕೈಯನ್ನು ಪಕ್ಕದಲ್ಲಿ ಇಟ್ಟರು. ಎಷ್ಟೊಂದು ಬ್ರ್ಯಾಂಡುಗಳನ್ನು ವಿಚಾರಿಸಿದ್ದ ಮನುಷ್ಯ, ಅಳತೆಯನ್ನು ತಮ್ಮದೇ ಗೇಣಿನಲ್ಲಿ ಹಾಕಿಬಿಟ್ಟಿದ್ದರು.

ನೀಲಮ್ಮ ತಾಯಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಹಿಂದಿನ ತಿಂಗಳಾಗಿದ್ದರೆ ಅವರು ಬೆವರುತ್ತಿದ್ದರು. ಈಗ ಪೀಠವನ್ನು ಎತ್ತಿ ಬಗಲಲ್ಲಿ ಇಟ್ಟುಕೊಂಡು, "ಕಾಫಿ ಕುಡಿಯೋ ಹಾಗಿಲ್ಲ ಇವತ್ತು, ಎಲ್ಲರೂ ಸ್ವಲ್ಪ ಹಣ್ಣು ತಿನ್ನಿ, ಬಂದೆ," ಎಂದು ಹೊರಟೇಬಿಟ್ಟರು.

ಅತ್ತೆಯ ಗೇಣಿಗೆ ತಕ್ಕಂತೆ ನಾಲ್ಕು ಕಾಲುಗಳ ಸುತ್ತ ಗೆರೆ ಎಳೆದರು. ಕಿರೀಟ ಮಾರ್ಕನ್ನು ಎಡಗೈಯಲ್ಲಿ ಹಿಡಿದರು. ಒಳಗೆ ಬಾಳೆಹಣ್ಣು ಸುಲಿಯುತ್ತಿದ್ದವರಿಗೆ ಸಣ್ಣ, ಸಮನಾದ ಸದ್ದು ಕೇಳಿಸಿತು. ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ನಾಗರಾಜು ತಲೆದೂಗಿ, "ಲೇತಲ್ಲಿ ಕೊಯ್ದಂಗಿದೆ," ಎಂದ, ತಮಾಷೆಗಲ್ಲ.

ವಾಪಸು ತಂದಿಟ್ಟ ಪೀಠವನ್ನು ನಾಗರಾಜು ನಾಲ್ಕೂ ಮೂಲೆ ಒತ್ತಿ ನೋಡಿದ. ಅಲುಗಲಿಲ್ಲ. ಶಿವಗಂಗಮ್ಮನವರು ಕೂತರು. ಪಾದಗಳು ತಣ್ಣನೆಯ ನೆಲದ ಮೇಲೆ ಪೂರ್ತಿಯಾಗಿ, ಹಿಮ್ಮಡಿ ಸಹಿತ, ಊರಿದವು.

ಸಂಜೆ ದೀಪ ಹಚ್ಚಿದ ಮೇಲೆ ಅವರು ಪೀಠದ ಮೇಲೆ, ಗುರುಬಸಪ್ಪನವರು ಎದುರಿಗೆ ನೆಲದ ಮೇಲೆ ಪೂಜೆಗೆ ಕೂತರು. ಗುರುಬಸಪ್ಪನವರು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಾಗ, ಆ ಅಂಗೈಯಲ್ಲಿ ಹೊಸದಾಗಿ ಎದ್ದ ಸಣ್ಣ ಬೊಬ್ಬೆಯೊಂದು ಲಿಂಗದ ಕೆಳಗೆ ಮೆತ್ತಗೆ ನೋಯಿತು. ಆ ನೋವು ಅವರಿಗೆ ಹಿತವಾಗಿತ್ತು. ಎದುರಿಗೆ ಅತ್ತೆ ಕಲ್ಲಿನಂತೆ ನಿಶ್ಚಲವಾಗಿ ಕೂತಿದ್ದರು. ಮನೆಯಲ್ಲಿ ಎಲ್ಲೂ ಕಿರಿಗುಟ್ಟುವ ಸದ್ದಿರಲಿಲ್ಲ.

ಪೂಜೆ ಬಹಳ ಹೊತ್ತು ನಡೆಯಿತು. ಮುಗಿದಾಗ ನೀಲಮ್ಮ ಅಭ್ಯಾಸದಂತೆ ತಾಯಿಯನ್ನು ಎಬ್ಬಿಸಲು ಕೈ ಚಾಚಿದಳು. ಶಿವಗಂಗಮ್ಮನವರು ಆ ಕೈಯನ್ನು ನೋಡಿ, ಪೀಠದ ಅಂಚಿಗೆ ಎರಡೂ ಅಂಗೈ ಊರಿ, ತಾವೇ ಎದ್ದು ನಿಂತರು. ನಿಂತಲ್ಲೇ ಒಂದು ಸಲ ಕೂತು, ಮತ್ತೆ ಎದ್ದು ನೋಡಿದರು, ನಂಬಿಕೆ ಬರಲೆಂದು.

"ನೀಲಾ, ಹರಿಹರದ ಕಡೆ ಹೋಗೋರು ಯಾರಾರ ಸಿಕ್ರೆ ನಿನ್ನ ಸೋದರಮಾವಗೆ ಹೇಳಿ ಕಳ್ಸು," ಎಂದರು. "ನಾನು ಬರಲ್ಲ ಅಂತ. ಬೇಕಾರೆ ಬ್ಯಾಸಿಗೆಗೆ ಅವನೇ ಇಲ್ಲಿಗೆ ಬರ್ಲಿ."

ಆಮೇಲೆ ಅಳಿಯನ ಕಡೆ ತಿರುಗಿದರು.

"ಅವನ ಮಂಡಿನೂ ಕೆಟ್ಟೈತಂತೆ. ಅವನಿಗೂ ಒಂದು ಮಾಡೋಕಾಗ್ತೈತೇನ್ರಿ? ಗೇಣು ಮಾತ್ರ ಅವನ್ದೇ ತಗೊಳ್ರಿ. ಅವನ್ದು ನಿಮಗಿಂತ ಉದ್ದ."

ಗುರುಬಸಪ್ಪನವರು ಆಗಲೇ ಮನಸ್ಸಿನಲ್ಲಿ ಹಲಗೆ ಆರಿಸುತ್ತಿದ್ದರು. ಮುಂದಿನ ಭಾನುವಾರ ಅವರು ಗೋಣಿಚೀಲ ಮಡಿಚಿಕೊಂಡು ಹೊರಟಾಗ ನಾಗರಾಜು ಗೇಟಿನ ಮೇಲೆ ಮೊಣಕೈ ಊರಿ, "ಇವತ್ತು ಯಾವ ಹೆಣ್ಣು ಸಾರ್?" ಎಂದ. ಗುರುಬಸಪ್ಪನವರು ಕೈಯೆತ್ತಿ ಬೀಸಿದರು. ಅದು ಎಡಗೈಯಾಗಿತ್ತು.